ಓಪನ್ ಯುಗದ ಮೊದಲ ವರ್ಷಗಳು: ಟೆನಿಸ್ ಆಟಗಾರ ಯಾರ ಸ್ವತ್ತು?

ಪುರುಷರ ಟೆನಿಸ್‌ನ ಸಾರ್ವಕಾಲಿಕ ದಾಖಲೆಗಳ ಪಟ್ಟಿಯನ್ನು ತೆರೆದು ನೋಡಿದರೆ ಕೆಲವು ಅಂಕಿಗಳು ಗೊಂದಲ ಹುಟ್ಟಿಸುತ್ತವೆ. ಆಸ್ಟ್ರೇಲಿಯದ ರಾಯ್ ಎಮರ್ಸನ್ ಹೆಸರಿನಲ್ಲಿ 12 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳಿದ್ದರೆ, ಅದೇ ದೇಶದ ರಾಡ್ ಲೇವರ್ ಹೆಸರಿನಲ್ಲಿ 11 ಇವೆ. ಆದರೂ ಲೇವರ್‌ಗಿಂತ ಎಮರ್ಸನ್ ದೊಡ್ಡ ಆಟಗಾರ ಎಂದು ವಾದಿಸುವವರು ಅಪರೂಪ. ಕೆನ್ ರೋಸ್‌ವಾಲ್ 1956ರಲ್ಲಿ ಅಮೆರಿಕದ ಚಾಂಪಿಯನ್ ಆದವರು, ಮುಂದಿನ ದೊಡ್ಡ ಪ್ರಶಸ್ತಿಯನ್ನು 1968ರಲ್ಲಿ ಪ್ಯಾರಿಸ್‌ನಲ್ಲಿ ಗೆಲ್ಲುತ್ತಾರೆ. 1950ರ ದಶಕದ ಬಹುಭಾಗದಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದ ಅಮೆರಿಕದ ಪಾಂಚೊ ಗೊನ್ಸಾಲೆಸ್ ಅವರ ಲೆಕ್ಕದಲ್ಲಿ ಇರುವುದು 1948 ಮತ್ತು 1949ರ ಎರಡೇ ಪ್ರಶಸ್ತಿಗಳು. ಇದಕ್ಕೆಲ್ಲ ಕಾರಣ 1968ಕ್ಕೆ ಮುನ್ನ ಇದ್ದ ಒಂದು ನಿಯಮ. ಆ ನಿಯಮ ಬಿದ್ದ ದಿನವನ್ನೇ ‘ಓಪನ್ ಯುಗ’ದ ಆರಂಭವೆಂದು ಗುರುತಿಸುತ್ತಾರೆ. ಬಾಗಿಲು ಒಂದೇ ದಿನದಲ್ಲಿ ತೆರೆಯಿತು ಎಂಬ ಭಾವನೆ ಇದರಿಂದ ಮೂಡುತ್ತದೆ. ವಾಸ್ತವದಲ್ಲಿ ಅದು ಪೂರ್ತಿ ತೆರೆಯಲು ಐದಾರು ವರ್ಷಗಳ ಜಗಳವೇ ಬೇಕಾಯಿತು. ರಾಷ್ಟ್ರೀಯ ಸಂಸ್ಥೆಗಳು, ಹಣ ಹೂಡಿದ ಪ್ರವರ್ತಕರು ಮತ್ತು ಆಟಗಾರರು, ಈ ಮೂವರಲ್ಲಿ ಆಟಗಾರನ ಮೇಲೆ ಹಕ್ಕು ಯಾರದ್ದು ಎಂಬುದೇ ಆ ಜಗಳದ ತಿರುಳು.

ಹಳೆಯ ನಿಯಮ ಹೇಳುವುದಕ್ಕೆ ಸರಳವಾಗಿತ್ತು. ಗ್ರ್ಯಾನ್‌ಸ್ಲಾಮ್ ಎನಿಸಿಕೊಂಡ ವಿಂಬಲ್ಡನ್, ಫ್ರೆಂಚ್, ಅಮೆರಿಕ ಮತ್ತು ಆಸ್ಟ್ರೇಲಿಯ ಚಾಂಪಿಯನ್‌ಷಿಪ್‌ಗಳಲ್ಲಿ, ಹಾಗೆಯೇ ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್‌ನಲ್ಲಿ, ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಆಟದಿಂದ ಹಣ ಪಡೆದವನು ವೃತ್ತಿಪರ. ಅವನಿಗೆ ಈ ಎಲ್ಲ ಅಂಕಣಗಳ ಬಾಗಿಲು ಮುಚ್ಚಿತು. ಆಚರಣೆಯಲ್ಲಿ ಮಾತ್ರ ಹೆಸರಾಂತ ಹವ್ಯಾಸಿಗಳಿಗೆ ಟೂರ್ನಿಯ ಸಂಘಟಕರು ‘ಖರ್ಚು’ ಎಂಬ ಹೆಸರಿನಲ್ಲಿ ಲಕೋಟೆಯೊಳಗೆ ಹಣ ಇಟ್ಟು ಕೊಡುವುದು ನಡೆದೇ ಇತ್ತು, ಎಲ್ಲರಿಗೂ ಗೊತ್ತೂ ಇತ್ತು. ಯಾವ ಆಟಗಾರ ಯಾವ ದೇಶಕ್ಕೆ ಹೋಗಬಹುದು, ಎಷ್ಟು ವಾರ ಹೊರಗಿರಬಹುದು ಎಂಬುದನ್ನು ಅವನ ರಾಷ್ಟ್ರೀಯ ಸಂಸ್ಥೆ ನಿರ್ಧರಿಸುತ್ತಿತ್ತು. ಹವ್ಯಾಸಿ ಎಂಬ ಗೌರವದ ಹೆಸರಿನ ಕೆಳಗೆ ಇದ್ದದ್ದು ಅಂಥ ಅಧೀನತೆ.

ಇನ್ನೊಂದು ಪಕ್ಕದಲ್ಲಿ ವೃತ್ತಿಪರರ ಸಣ್ಣ ತಂಡವೊಂದು ಊರಿಂದ ಊರಿಗೆ ತಿರುಗುತ್ತಿತ್ತು. 1947ರ ವಿಂಬಲ್ಡನ್ ಚಾಂಪಿಯನ್ ಜ್ಯಾಕ್ ಕ್ರೇಮರ್ ಅದೇ ವರ್ಷ ವೃತ್ತಿಪರರಾಗಿ, ಮುಂದೆ ಈ ತಂಡದ ಪ್ರವರ್ತಕರೂ ಆದರು. ಕ್ಯಾನ್ವಾಸ್ ಬಟ್ಟೆಯ ಅಂಕಣವನ್ನು ಸುತ್ತಿಕೊಂಡು ಹೋಗಿ, ಒಳಾಂಗಣದ ನೆಲದ ಮೇಲೋ ಐಸ್ ಹಾಕಿ ಮೈದಾನದ ಮೇಲೋ ಹಾಸಿ, ಆಟ ಮುಗಿದ ಮೇಲೆ ಮಡಚಿಕೊಂಡು ರಾತ್ರಿಯೇ ಮುಂದಿನ ಊರಿಗೆ ಹೊರಡುವುದು ಅವರ ದಿನಚರಿ. ಒಬ್ಬ ಚಾಂಪಿಯನ್, ಅವನಿಗೆ ಸವಾಲು ಹಾಕುವ ಹೊಸಬ ಒಬ್ಬ. ಇಬ್ಬರೂ ತಿಂಗಳುಗಟ್ಟಲೆ ಪರಸ್ಪರರ ವಿರುದ್ಧವೇ ಆಡಬೇಕು. 1949-50ರ ಇಂಥ ಸರಣಿಯಲ್ಲಿ ಕ್ರೇಮರ್ 96 ಪಂದ್ಯ ಗೆದ್ದರೆ ಯುವ ಗೊನ್ಸಾಲೆಸ್ ಗೆದ್ದದ್ದು 27. ವಿಂಬಲ್ಡನ್‌ನಲ್ಲಿ ಯಾರು ಗೆದ್ದರೂ ಕ್ರೇಮರ್ ಒಪ್ಪಂದದ ಕಾಗದ ಹಿಡಿದು ಬರುತ್ತಿದ್ದರಿಂದ, ಹವ್ಯಾಸಿ ಟೆನಿಸ್ ತನ್ನ ಉತ್ತಮ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುತ್ತಲೇ ಇತ್ತು. 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ ನಮ್ಮ ರಾಮನಾಥನ್ ಕೃಷ್ಣನ್ ಅವರಿಗೂ ಕ್ರೇಮರ್ ಕರೆ ಬಂದಿತ್ತು. ಅವರು ಒಪ್ಪಲಿಲ್ಲ; 1966ರಲ್ಲಿ ಭಾರತವನ್ನು ಡೇವಿಸ್ ಕಪ್‌ನ ಅಂತಿಮ ಸುತ್ತಿಗೆ ಒಯ್ದ ತಂಡದಲ್ಲಿ ಅವರು ಇರಲು ಸಾಧ್ಯವಾದದ್ದು ಆ ನಿರಾಕರಣೆಯಿಂದಲೇ.

ಎರಡು ಲೋಕಗಳ ನಡುವಿನ ಅಂತರ ಎಷ್ಟಿತ್ತು ಎಂಬುದಕ್ಕೆ ಲೇವರ್ ಅವರ 1963ನೇ ವರ್ಷವೇ ಅಳತೆಗೋಲು. 1962ರಲ್ಲಿ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದು, ಮೂರು ವರ್ಷಕ್ಕೆ 1,10,000 ಡಾಲರ್ ಖಾತರಿಯ ಮೇಲೆ ಅವರು ವೃತ್ತಿಪರರಾದರು. ಆರಂಭದ 21 ಪಂದ್ಯಗಳಲ್ಲಿ 19ನ್ನು ರೋಸ್‌ವಾಲ್ ಮತ್ತು ಲ್ಯೂ ಹೋಡ್ ಅವರ ಕೈಯಲ್ಲಿ ಸೋತರು. ಹವ್ಯಾಸಿಗಳ ಜಗತ್ತಿನ ಅಗ್ರಗಣ್ಯ, ವೃತ್ತಿಪರರ ನಡುವೆ ಮೂರನೆಯವನಷ್ಟೇ ಆಗಿದ್ದ. ಎಮರ್ಸನ್ ಅವರ 12 ಪ್ರಶಸ್ತಿಗಳಲ್ಲಿ 10 ಬಂದದ್ದು 1963ರಿಂದ 1967ರ ನಡುವೆ, ಅಂದರೆ ಈ ಮೂವರೂ ಗೊನ್ಸಾಲೆಸ್ ಅವರೂ ಅಂಕಣದ ಹೊರಗಿದ್ದಾಗ ಎಂಬುದನ್ನು ಇಲ್ಲಿ ನೆನೆಯಬೇಕು. ಇದು ಎಮರ್ಸನ್ ಅವರ ತಪ್ಪೇನೂ ಆಗಿರಲಿಲ್ಲ.

ಹಾಗಾದರೆ ನಿಯಮ ಏಕೆ ಬಿತ್ತು? 1960ರಲ್ಲೇ ಅಂತರರಾಷ್ಟ್ರೀಯ ಲಾನ್ ಟೆನಿಸ್ ಫೆಡರೇಷನ್ ಮುಂದೆ ಮುಕ್ತ ಟೂರ್ನಿಗಳ ಪ್ರಸ್ತಾವ ಬಂದು ಐದು ಮತಗಳ ಕೊರತೆಯಿಂದ ಸೋತಿತ್ತು. 1967ರಲ್ಲಿ ಎರಡು ಒತ್ತಡಗಳು ಒಟ್ಟಿಗೆ ಬಂದವು. ಒಂದು, ದೂರದರ್ಶನ. ಬಣ್ಣದ ಪ್ರಸಾರ ಶುರುವಾದ ಸಂದರ್ಭದಲ್ಲಿ ಬಿಬಿಸಿಯ ಪ್ರಾಯೋಜಕತ್ವದಲ್ಲಿ ಆ ವರ್ಷದ ಆಗಸ್ಟ್‌ನಲ್ಲಿ ವಿಂಬಲ್ಡನ್‌ನ ಸೆಂಟರ್ ಕೋರ್ಟ್‌ನಲ್ಲಿಯೇ ಎಂಟು ಮಂದಿ ವೃತ್ತಿಪರರ ಟೂರ್ನಿ ನಡೆಯಿತು. ಫೈನಲ್‌ನಲ್ಲಿ ಲೇವರ್, ರೋಸ್‌ವಾಲ್ ಅವರನ್ನು ಸೋಲಿಸಿದರು. ಕೆಲವೇ ವಾರಗಳ ಹಿಂದೆ ಅದೇ ಹುಲ್ಲಿನ ಮೇಲೆ ನಡೆದ ‘ಅಧಿಕೃತ’ ಚಾಂಪಿಯನ್‌ಷಿಪ್‌ಗಿಂತ ಉತ್ತಮವಾದ ಟೆನಿಸ್ ಯಾವುದು ಎಂಬುದನ್ನು ಪ್ರೇಕ್ಷಕರು ಕಣ್ಣಾರೆ ಕಂಡರು. ಎರಡನೆಯದು, ಟೆಕ್ಸಾಸ್‌ನ ತೈಲ ಕುಟುಂಬದ ಲಾಮಾರ್ ಹಂಟ್ ಅವರ ಹಣ. ನ್ಯೂ ಆರ್ಲಿಯನ್ಸ್‌ನ ಡೇವ್ ಡಿಕ್ಸನ್ ಜೊತೆ ಸೇರಿ ಅವರು ಕಟ್ಟಿದ ವರ್ಲ್ಡ್ ಚಾಂಪಿಯನ್‌ಷಿಪ್ ಟೆನಿಸ್ ಸಂಸ್ಥೆ, ಆ ವರ್ಷದ ವಿಂಬಲ್ಡನ್ ವಿಜೇತ ಜಾನ್ ನ್ಯೂಕೋಂಬ್, ಟೋನಿ ರೋಚ್, ಕ್ಲಿಫ್ ಡ್ರೈಸ್‌ಡೇಲ್, ರೋಜರ್ ಟೇಲರ್, ನಿಕೋಲಾ ಪಿಲಿಚ್ ಸೇರಿದಂತೆ ಎಂಟು ಮಂದಿಯೊಂದಿಗೆ ಒಪ್ಪಂದ ಮಾಡಿಕೊಂಡು ‘ಹ್ಯಾಂಡ್ಸಮ್ ಏಯ್ಟ್’ ಎಂಬ ಹೆಸರಿನಲ್ಲಿ ಜಾಹೀರಾತು ಮಾಡಿತು. ಜಾರ್ಜ್ ಮೆಕಾಲ್ ಅವರ ನ್ಯಾಷನಲ್ ಟೆನಿಸ್ ಲೀಗ್ ಲೇವರ್, ರೋಸ್‌ವಾಲ್, ಗೊನ್ಸಾಲೆಸ್, ಸ್ಪೇನ್‌ನ ಆಂದ್ರೆಸ್ ಹಿಮೆನೊ ಮುಂತಾದವರನ್ನು ಹಿಡಿದುಕೊಂಡಿತು. ಹವ್ಯಾಸಿಗಳ ಪಾಲಿಗೆ ಉಳಿಯುವುದು ಖಾಲಿ ಅಂಕಣ ಎಂಬುದು ವಿಂಬಲ್ಡನ್‌ಗೆ ಅರ್ಥವಾಯಿತು.

ಹವ್ಯಾಸಿ ಟೆನಿಸ್ ಒಂದು ಜೀವಂತ ಸುಳ್ಳು ಎಂದು ವಿಂಬಲ್ಡನ್ ಕ್ಲಬ್‌ನ ಅಧ್ಯಕ್ಷ ಹರ್ಮನ್ ಡೇವಿಡ್ ಬಹಿರಂಗವಾಗಿಯೇ ಹೇಳಿದ್ದರು. 1967ರ ಡಿಸೆಂಬರ್‌ನಲ್ಲಿ ಬ್ರಿಟನ್‌ನ ಲಾನ್ ಟೆನಿಸ್ ಅಸೋಸಿಯೇಷನ್, ಅಂತರರಾಷ್ಟ್ರೀಯ ಸಂಸ್ಥೆಯ ಬೆದರಿಕೆಗೆ ಜಗ್ಗದೆ, ತನ್ನ ನಿಯಮಗಳಿಂದ ಹವ್ಯಾಸಿ-ವೃತ್ತಿಪರ ಎಂಬ ಭೇದವನ್ನೇ ಅಳಿಸಿಹಾಕಿತು. ವಿಂಬಲ್ಡನ್ ಇಲ್ಲದ ಟೆನಿಸ್ ನಡೆಸುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ, 1968ರ ಮಾರ್ಚ್ 30ರಂದು ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಸ್ಥೆ ಆ ವರ್ಷಕ್ಕೆ 12 ಮುಕ್ತ ಟೂರ್ನಿಗಳಿಗೆ ಒಪ್ಪಿಗೆ ಕೊಟ್ಟಿತು.

ಈ ಒಪ್ಪಿಗೆಯ ಒಳಗೆ ಒಂದು ರಾಜಿ ಅಡಗಿತ್ತು. ಮುಂದಿನ ಎಲ್ಲ ತೊಡಕುಗಳ ಬೇರು ಅಲ್ಲೇ ಇದೆ. ಆಟಗಾರರನ್ನು ಸಮಾನರೆಂದು ಘೋಷಿಸುವ ಬದಲು ವರ್ಗಗಳಾಗಿ ವಿಂಗಡಿಸಲಾಯಿತು. ಮೊದಲನೆಯವರು ಶುದ್ಧ ಹವ್ಯಾಸಿಗಳು. ಮುಕ್ತ ಟೂರ್ನಿಯಲ್ಲಿ ಆಡಬಹುದು, ಬಹುಮಾನದ ಹಣ ಮುಟ್ಟುವಂತಿಲ್ಲ. ಎರಡನೆಯವರು ‘ನೋಂದಾಯಿತ’ ಆಟಗಾರರು. ಬಹುಮಾನ ಪಡೆಯಬಹುದು, ಆದರೆ ತಮ್ಮ ರಾಷ್ಟ್ರೀಯ ಸಂಸ್ಥೆಯ ಅಧೀನದಲ್ಲೇ ಇದ್ದು ಡೇವಿಸ್ ಕಪ್‌ಗೆ ಅರ್ಹರಾಗಿ ಉಳಿಯುತ್ತಾರೆ. ಮೂರನೆಯವರು ಹಂಟ್ ಅಥವಾ ಮೆಕಾಲ್ ಅವರಂಥ ಪ್ರವರ್ತಕರೊಂದಿಗೆ ಕರಾರು ಮಾಡಿಕೊಂಡ ವೃತ್ತಿಪರರು. ಇವರ ಮೇಲೆ ರಾಷ್ಟ್ರೀಯ ಸಂಸ್ಥೆಗೆ ಹಿಡಿತವಿಲ್ಲ, ಅದಕ್ಕಾಗಿ ಡೇವಿಸ್ ಕಪ್‌ನಿಂದ ಹೊರಗೆ. ಇವರಲ್ಲದೆ ತರಬೇತಿ ಕೊಡುವ ವೃತ್ತಿಪರರೂ ಇದ್ದರು. ನೋಂದಾಯಿತರೆಂಬ ಎಡೆಬಿಡಂಗಿ ವರ್ಗವನ್ನು ಹುಟ್ಟುಹಾಕಿದ್ದರ ಉದ್ದೇಶ ಸ್ಪಷ್ಟ: ಹಣವನ್ನೂ ಕೊಡಬೇಕು, ಲಗಾಮನ್ನೂ ಬಿಡಬಾರದು.

ಮೊದಲ ಮುಕ್ತ ಟೂರ್ನಿ 1968ರ ಏಪ್ರಿಲ್ 22ರಂದು ಇಂಗ್ಲೆಂಡ್‌ನ ಕಡಲತೀರದ ಊರಾದ ಬೋರ್ನ್‌ಮತ್‌ನಲ್ಲಿ, ಕೆಂಪು ಮಣ್ಣಿನ ಅಂಕಣದ ಮೇಲೆ ಆರಂಭವಾಯಿತು. ಅದುವರೆಗೆ ವೃತ್ತಿಪರರನ್ನು ಹವ್ಯಾಸಿಗಳು ಮುಟ್ಟಲಾರರು ಎಂಬ ನಂಬಿಕೆ ಇತ್ತು. ಕೇಂಬ್ರಿಜ್‌ನಲ್ಲಿ ಓದಿದ 24ರ ವಯಸ್ಸಿನ ಬ್ರಿಟಿಷ್ ಹವ್ಯಾಸಿ ಮಾರ್ಕ್ ಕಾಕ್ಸ್, ಗೊನ್ಸಾಲೆಸ್ ಎದುರು ಮೊದಲ ಸೆಟ್ಟನ್ನು 0–6ರಿಂದ ಸೋತಾಗ ಆ ನಂಬಿಕೆ ಗಟ್ಟಿಯಾದಂತೆಯೇ ಕಂಡಿತು. ಆದರೆ ಐದು ಸೆಟ್‌ಗಳ ಪಂದ್ಯ ಆಡಿ ಅಭ್ಯಾಸ ತಪ್ಪಿದ್ದ, ಇನ್ನೇನು 40 ತುಂಬಲಿದ್ದ ಗೊನ್ಸಾಲೆಸ್ ನಿಧಾನವಾಗಿ ದಣಿದರು. 0–6, 6–2, 4–6, 6–3, 6–3ರಿಂದ ಗೆದ್ದ ಕಾಕ್ಸ್ ಮುಂದಿನ ಸುತ್ತಿನಲ್ಲಿ ಎಮರ್ಸನ್ ಅವರನ್ನೂ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಕಾಕ್ಸ್ ಅವರನ್ನು ಲೇವರ್ ತಡೆದರು. ಫೈನಲ್‌ನಲ್ಲಿ ಲೇವರ್ ವಿರುದ್ಧ ಗೆದ್ದ ರೋಸ್‌ವಾಲ್ 1,000 ಪೌಂಡ್ ಪಡೆದರೆ, ಮಹಿಳೆಯರ ವಿಭಾಗ ಗೆದ್ದ ವರ್ಜೀನಿಯಾ ವೇಡ್ ಹವ್ಯಾಸಿಯಾಗಿದ್ದರಿಂದ ತಮ್ಮ 300 ಪೌಂಡನ್ನು ತೆಗೆದುಕೊಳ್ಳಲಿಲ್ಲ.

ವರ್ಗೀಕರಣದ ಅಸಂಬದ್ಧತೆ ಪೂರ್ಣವಾಗಿ ಬಯಲಾದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅಮೆರಿಕ ಓಪನ್ ಫೈನಲ್‌ನಲ್ಲಿ. ಗೆದ್ದವರು ಅಮೆರಿಕದ ಸೇನೆಯಲ್ಲಿ ಲೆಫ್ಟಿನೆಂಟ್ ಆಗಿದ್ದ ಆರ್ಥರ್ ಆಶ್. ಸೋತವರು ನೆದರ್ಲೆಂಡ್ಸ್‌ನ ಟಾಮ್ ಓಕ್ಕರ್. ಮೊದಲ ಸೆಟ್ 14–12ರವರೆಗೆ ಎಳೆದ ಆ ಐದು ಸೆಟ್‌ಗಳ ಪಂದ್ಯ ಮುಗಿದ ಮೇಲೆ, 14,000 ಡಾಲರ್‌ನ ಮೊದಲ ಬಹುಮಾನವನ್ನು ತೆಗೆದುಕೊಂಡು ಹೋದವರು ಸೋತ ಓಕ್ಕರ್. ಅವರು ನೋಂದಾಯಿತ ಆಟಗಾರ. ಆಶ್ ಹವ್ಯಾಸಿ, ಅವರಿಗೆ ದಕ್ಕಿದ್ದು ದಿನಭತ್ಯೆ ಮತ್ತು ಟ್ರೋಫಿ. ಡೇವಿಸ್ ಕಪ್ ತಂಡದಲ್ಲಿ ಉಳಿಯಬೇಕೆಂದರೆ ಆಶ್ ಅವರಿಗೆ ಬೇರೆ ದಾರಿ ಇರಲಿಲ್ಲ.

1969 ಲೇವರ್ ಅವರ ವರ್ಷ. ಎಲ್ಲರೂ ಆಡಬಹುದಾಗಿದ್ದ ಕಣದಲ್ಲಿ ನಾಲ್ಕೂ ಪ್ರಶಸ್ತಿಗಳನ್ನು ಅವರು ಮತ್ತೊಮ್ಮೆ ಒಂದೇ ವರ್ಷದಲ್ಲಿ ಗೆದ್ದರು. ಪುರುಷರಲ್ಲಿ ಆ ಸಾಧನೆಯನ್ನು ಬೇರೆ ಯಾರೂ ಇಂದಿನವರೆಗೆ ಮಾಡಿಲ್ಲ. ಬ್ರಿಸ್ಬೇನ್‌ನ ಸುಡುಬಿಸಿಲಿನಲ್ಲಿ ರೋಚ್ ವಿರುದ್ಧ 7–5, 22–20, 9–11, 1–6, 6–3ರ ಸೆಮಿಫೈನಲ್, ಒದ್ದೆ ಹುಲ್ಲಿನ ಮೇಲೆ ಮೊಳೆಬೂಟು ಹಾಕಿಕೊಂಡು ಅದೇ ರೋಚ್ ವಿರುದ್ಧ ಗೆದ್ದ ಅಮೆರಿಕ ಓಪನ್ ಫೈನಲ್, ಇವೆರಡನ್ನೂ ಎಲ್ಲರೂ ನೆನೆಯುತ್ತಾರೆ. ಭಾರತೀಯರು ನೆನೆಯಬೇಕಾದ್ದು ವಿಂಬಲ್ಡನ್‌ನ ಎರಡನೇ ಸುತ್ತು. ಕಲ್ಕತ್ತದ ಪ್ರೇಮ್‌ಜಿತ್ ಲಾಲ್ ಮೊದಲೆರಡು ಸೆಟ್‌ಗಳನ್ನು 6–3, 6–4ರಿಂದ ಗೆದ್ದು, ಚರಿತ್ರೆಯ ಆ ದೊಡ್ಡ ಸಾಧನೆಯನ್ನು ಅರ್ಧದಾರಿಯಲ್ಲೇ ಮುರಿಯುವ ಹಂತಕ್ಕೆ ಬಂದಿದ್ದರು. ಮೂರನೇ ಸೆಟ್ಟನ್ನು 6–3ರಿಂದ ಗೆದ್ದ ಲೇವರ್ ಕೊನೆಯ ಎರಡರಲ್ಲಿ ಒಂದೇ ಒಂದು ಗೇಮನ್ನೂ ಬಿಟ್ಟುಕೊಡಲಿಲ್ಲ. ಅದೇ ವಿಂಬಲ್ಡನ್‌ನಲ್ಲಿ 41ರ ಗೊನ್ಸಾಲೆಸ್, ಚಾರ್ಲಿ ಪಸರೆಲ್ ವಿರುದ್ಧ 22–24, 1–6, 16–14, 6–3, 11–9ರಿಂದ, ಎರಡು ದಿನಗಳ ಕಾಲ 112 ಗೇಮ್ ಆಡಿ ಗೆದ್ದರು. ದೂರದರ್ಶನದ ವೇಳಾಪಟ್ಟಿಗೆ ಇಂಥ ಪಂದ್ಯಗಳು ಹೊಂದುವುದು ಸಾಧ್ಯವೇ ಇರಲಿಲ್ಲ. 1970ರಲ್ಲಿ ಅಮೆರಿಕ ಓಪನ್, ಸಮಬಲದ ಸೆಟ್ಟನ್ನು ಕೆಲವೇ ಅಂಕಗಳಲ್ಲಿ ತೀರ್ಮಾನಿಸುವ ಟೈಬ್ರೇಕ್ ತಂದಿತು, ಮರುವರ್ಷ ವಿಂಬಲ್ಡನ್ 8–8ರ ನಂತರ ಅದನ್ನು ಒಪ್ಪಿಕೊಂಡಿತು.

ಹೊರಗಿನಿಂದ ನೋಡಿದರೆ ಎಲ್ಲ ಸರಿಹೋದಂತೆ ಕಾಣುತ್ತಿತ್ತು. ಒಳಗೆ ಮಾತ್ರ ಎರಡು ಪ್ರತ್ಯೇಕ ಸರ್ಕೀಟುಗಳು ರೂಪುಗೊಳ್ಳುತ್ತಿದ್ದವು. ಮೆಕಾಲ್ ಅವರ ಲೀಗನ್ನು ನುಂಗಿದ ಹಂಟ್ ಅವರ ಸಂಸ್ಥೆ, 1971ರಲ್ಲಿ 32 ಆಟಗಾರರು, 20 ಟೂರ್ನಿಗಳು, ತಲಾ 50,000 ಡಾಲರ್ ಬಹುಮಾನ ಎಂಬ ಹತ್ತು ಲಕ್ಷ ಡಾಲರ್‌ನ ಸರಣಿ ನಡೆಸಿತು. ಅದಕ್ಕೆ ಪ್ರತಿಯಾಗಿ ಅಂತರರಾಷ್ಟ್ರೀಯ ಸಂಸ್ಥೆ 1970ರಲ್ಲೇ ಗ್ರ್ಯಾಂಡ್ ಪ್ರಿ ಆರಂಭಿಸಿತ್ತು. ಯೋಜನೆ ಕ್ರೇಮರ್ ಅವರದ್ದು. ವರ್ಷವಿಡೀ ನಡೆಯುವ ಟೂರ್ನಿಗಳಲ್ಲಿ ಆಟಗಾರ ಗಳಿಸುವ ಅಂಕಗಳನ್ನು ಕೂಡಿಸಿ, ವರ್ಷಾಂತ್ಯದಲ್ಲಿ ಮುಂದಿರುವವರಿಗೆ ಬೋನಸ್ ಹಂಚಿ, ಅಗ್ರ ಆಟಗಾರರನ್ನು ‘ಮಾಸ್ಟರ್ಸ್’ ಎಂಬ ಕೊನೆಯ ಟೂರ್ನಿಗೆ ಕರೆಯುವುದು ಅದರ ಕ್ರಮ. ಮೊದಲ ಮಾಸ್ಟರ್ಸ್ 1970ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ನಡೆದು ಸ್ಟ್ಯಾನ್ ಸ್ಮಿತ್ ಗೆದ್ದರು. ಬೋನಸ್‌ಗಾಗಿ ವರ್ಷವಿಡೀ ಆಡುವ ಆಟಗಾರ ಹಂಟ್ ಅವರ ಕರಾರಿಗೆ ಸಹಿ ಹಾಕುವುದಿಲ್ಲ ಎಂಬುದು ಲೆಕ್ಕಾಚಾರ.

ಇಬ್ಬರ ಹಗ್ಗಜಗ್ಗಾಟದಲ್ಲಿ ನಲುಗಿದ್ದು ದೊಡ್ಡ ಟೂರ್ನಿಗಳು. 1969ರಲ್ಲಿ ನಾಲ್ಕೂ ಗೆದ್ದ ಲೇವರ್, 1970ರಲ್ಲಿ ಆಸ್ಟ್ರೇಲಿಯ ಮತ್ತು ಫ್ರೆಂಚ್ ಪ್ರಶಸ್ತಿಗಳನ್ನು ಉಳಿಸಿಕೊಳ್ಳಲು ಅಂಕಣಕ್ಕೇ ಇಳಿಯಲಿಲ್ಲ. ತನ್ನ ಆಟಗಾರರು ಬರಬೇಕಾದರೆ ತನಗೂ ಶುಲ್ಕ ಸಲ್ಲಬೇಕು ಎಂದು ಹಂಟ್ ಅವರ ಸಂಸ್ಥೆ ಕೇಳಿದಾಗ, ಅಂತರರಾಷ್ಟ್ರೀಯ ಸಂಸ್ಥೆ 1972ರ ಆರಂಭದಿಂದ ಕರಾರಿನ ವೃತ್ತಿಪರರನ್ನು ತನ್ನ ಟೂರ್ನಿಗಳಿಂದ ಬಹಿಷ್ಕರಿಸಿತು. ಓಪನ್ ಯುಗ ನಾಲ್ಕೇ ವರ್ಷದಲ್ಲಿ ಮುಚ್ಚಿಹೋದಂತಾಯಿತು. ಹಿಂದಿನ ಎರಡು ವರ್ಷ ವಿಂಬಲ್ಡನ್ ಗೆದ್ದಿದ್ದ ನ್ಯೂಕೋಂಬ್ 1972ರಲ್ಲಿ ಅಲ್ಲಿ ಆಡಲಾಗಲಿಲ್ಲ; ಲೇವರ್, ರೋಸ್‌ವಾಲ್ ಅವರೂ ಇರಲಿಲ್ಲ. ಸ್ಮಿತ್ ಫೈನಲ್‌ನಲ್ಲಿ ರುಮೇನಿಯದ ಇಲಿ ನಾಸ್ಟಾಸೆ ಅವರನ್ನು ಸೋಲಿಸಿ 5,000 ಪೌಂಡ್ ಗೆದ್ದರು.

ಆ ವರ್ಷದ ಶ್ರೇಷ್ಠ ಪಂದ್ಯ ನಡೆದದ್ದು ಬೇರೆ ಕಡೆ, ಮೇ ತಿಂಗಳಲ್ಲಿ, ಡಲ್ಲಾಸ್‌ನ ಒಳಾಂಗಣದಲ್ಲಿ, ಹಂಟ್ ಅವರ ಸರಣಿಯ ಫೈನಲ್‌ನಲ್ಲಿ. ರೋಸ್‌ವಾಲ್‌ಗೆ 37, ಲೇವರ್‌ಗೆ 33. ಮೊದಲ ಬಹುಮಾನ 50,000 ಡಾಲರ್. ಮೂರೂವರೆ ಗಂಟೆಗಳ ಆಟದ ನಂತರ ಐದನೇ ಸೆಟ್ಟಿನ ಟೈಬ್ರೇಕ್‌ನಲ್ಲಿ ಲೇವರ್ 5–4ರಿಂದ ಮುಂದಿದ್ದರು, ಮುಂದಿನ ಎರಡೂ ಸರ್ವ್ ಅವರದ್ದೇ. ಎರಡೂ ಚೆಂಡುಗಳು ರೋಸ್‌ವಾಲ್ ಅವರ ಬ್ಯಾಕ್‌ಹ್ಯಾಂಡ್‌ಗೆ ಬಂದವು. ಎರಡನ್ನೂ ಅವರು ಲೇವರ್‌ಗೆ ಎಟುಕದಂತೆ ಹಿಂದಿರುಗಿಸಿದರು. 6–5ರಲ್ಲಿ ರೋಸ್‌ವಾಲ್ ಸರ್ವ್ ಮಾಡಿದಾಗ ಲೇವರ್ ರಿಟರ್ನ್ ತಪ್ಪಿತು. 4–6, 6–0, 6–3, 6–7, 7–6. ಅಮೆರಿಕದ ಕೋಟ್ಯಂತರ ಮನೆಗಳಲ್ಲಿ ಟೆನಿಸ್ ದೂರದರ್ಶನದ ಆಟವಾದದ್ದು ಆ ಸಂಜೆ ಎಂದು ಹಲವರ ಅಭಿಪ್ರಾಯ. ಗ್ರ್ಯಾನ್‌ಸ್ಲಾಮ್ ಸಂಖ್ಯೆಯನ್ನೇ ಎಣಿಸುವ ಪಟ್ಟಿಯಲ್ಲಿ ಈ ಗೆಲುವಿಗೆ ಜಾಗವೇ ಇಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಆ ಪಟ್ಟಿಯ ದೊಡ್ಡ ಕೊರತೆ.

ಕೊನೆಗೆ ಎರಡೂ ಕಡೆಯವರು ವರ್ಷವನ್ನೇ ಹಂಚಿಕೊಂಡರು: ಜನವರಿಯಿಂದ ಮೇವರೆಗೆ ಹಂಟ್ ಅವರಿಗೆ, ಉಳಿದದ್ದು ಗ್ರ್ಯಾಂಡ್ ಪ್ರಿಗೆ. ತಮ್ಮನ್ನು ಕೇಳದೆಯೇ ತಮ್ಮ ವರ್ಷವನ್ನು ಇಬ್ಬರು ಹಂಚಿಕೊಳ್ಳುವುದನ್ನು ಕಂಡ ಆಟಗಾರರು 1972ರ ಸೆಪ್ಟೆಂಬರ್‌ನಲ್ಲಿ, ಅಮೆರಿಕ ಓಪನ್ ಸಮಯದಲ್ಲಿ, ತಮ್ಮದೇ ಸಂಘ ಕಟ್ಟಿದರು. ಅದೇ ಎಟಿಪಿ. ಡ್ರೈಸ್‌ಡೇಲ್ ಅಧ್ಯಕ್ಷರು, ಕ್ರೇಮರ್ ಕಾರ್ಯನಿರ್ವಾಹಕ ನಿರ್ದೇಶಕರು, ವಕೀಲ ಡೊನಾಲ್ಡ್ ಡೆಲ್ ಕಾನೂನು ಸಲಹೆಗಾರರು.

ಪರೀಕ್ಷೆಗೆ ಒಂದು ವರ್ಷವೂ ಕಾಯಬೇಕಾಗಲಿಲ್ಲ. 1973ರ ಮೇ ತಿಂಗಳಲ್ಲಿ ನ್ಯೂಜಿಲೆಂಡ್ ವಿರುದ್ಧದ ಡೇವಿಸ್ ಕಪ್ ಪಂದ್ಯಕ್ಕೆ ಪಿಲಿಚ್ ಬರಲಿಲ್ಲ ಎಂದು ಯುಗೊಸ್ಲಾವಿಯದ ಟೆನಿಸ್ ಸಂಸ್ಥೆ ಅವರನ್ನು ಒಂಬತ್ತು ತಿಂಗಳು ಅಮಾನತು ಮಾಡಿತು. ಬರುತ್ತೇನೆಂದು ಮಾತು ಕೊಟ್ಟಿದ್ದರು ಎಂಬುದು ಸಂಸ್ಥೆಯ ವಾದ. ಖಚಿತವಾಗಿ ಒಪ್ಪಿರಲಿಲ್ಲ ಎಂಬುದು ಪಿಲಿಚ್ ಉತ್ತರ. ಅಂತರರಾಷ್ಟ್ರೀಯ ಸಂಸ್ಥೆ ಶಿಕ್ಷೆಯನ್ನು ಒಂದು ತಿಂಗಳಿಗೆ ಇಳಿಸಿತಾದರೂ ಆ ತಿಂಗಳೊಳಗೆ ವಿಂಬಲ್ಡನ್ ಬರುತ್ತಿತ್ತು. ಲಂಡನ್‌ನ ಹೈಕೋರ್ಟ್ ತಡೆಯಾಜ್ಞೆ ನೀಡಲು ನಿರಾಕರಿಸಿತು. ಆಗ ಎಟಿಪಿಯ 81 ಆಟಗಾರರು ವಿಂಬಲ್ಡನ್‌ನಿಂದ ಹಿಂದೆ ಸರಿದರು. ಹಿಂದಿನ ವರ್ಷದ ವಿಜೇತ ಸ್ಮಿತ್ ಅವರೂ ಅವರಲ್ಲಿ ಒಬ್ಬರು. ಪಿಲಿಚ್ ಮೊದಲ ದರ್ಜೆಯ ತಾರೆಯೇನೂ ಆಗಿರಲಿಲ್ಲ, ಆದ್ದರಿಂದಲೇ ಈ ಬಹಿಷ್ಕಾರದ ಅರ್ಥ ಇನ್ನಷ್ಟು ಸ್ಪಷ್ಟ: ಯಾರಿಗಾಗಿ ಎಂಬುದು ಮುಖ್ಯವಾಗಿರಲಿಲ್ಲ, ಯಾವ ಹಕ್ಕಿಗಾಗಿ ಎಂಬುದು ಮುಖ್ಯವಾಗಿತ್ತು. ಸಂಘದ ಮಾತು ಮೀರಿ ಆಡಿದವರು ನಾಸ್ಟಾಸೆ, ಟೇಲರ್ ಮತ್ತು ಆಸ್ಟ್ರೇಲಿಯದ ರೇ ಕೆಲ್ಡಿ. ಚೆಕೊಸ್ಲೊವಾಕಿಯದ ಯಾನ್ ಕೊಡೆಷ್ ಚಾಂಪಿಯನ್ ಆದರು.

ಆ ವಿಂಬಲ್ಡನ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಕೊಡೆಷ್ ಅವರನ್ನು ಐದನೇ ಸೆಟ್ಟಿನ 7–5ರವರೆಗೆ ಎಳೆದವರು ಮದ್ರಾಸಿನ 19ರ ಹುಡುಗ ವಿಜಯ್ ಅಮೃತರಾಜ್. ತಾರೆಗಳಿಲ್ಲದ ಕಣದಲ್ಲಿ ಯಾರು ಬೇಕಾದರೂ ಅಷ್ಟು ದೂರ ಹೋಗಬಹುದಿತ್ತು ಎನ್ನುವವರಿಗೆ ಅವರು ಎರಡೇ ತಿಂಗಳಲ್ಲಿ ಉತ್ತರ ಕೊಟ್ಟರು: ಎಲ್ಲರೂ ಆಡಿದ ಅಮೆರಿಕ ಓಪನ್‌ನಲ್ಲಿ ಲೇವರ್ ಅವರನ್ನೇ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದರು, ಅಲ್ಲಿ ರೋಸ್‌ವಾಲ್ ಎದುರು ಸೋತರು.

ಬಹಿಷ್ಕಾರದಿಂದ ಒಂದು ಸಂಗತಿ ಇತ್ಯರ್ಥವಾಯಿತು. ಸ್ವತಂತ್ರವಾಗಿ ಆಡುವ ವೃತ್ತಿಪರನನ್ನು ರಾಷ್ಟ್ರೀಯ ಸಂಸ್ಥೆ ಹಳೆಯ ರೀತಿಯಲ್ಲಿ ಆಳಲಾರದು. ಎರಡನೆಯ ಬದಲಾವಣೆ ಸದ್ದಿಲ್ಲದೆ ಬಂತು. 1973ರ ಆಗಸ್ಟ್ 23ರಂದು ಎಟಿಪಿ ಕಂಪ್ಯೂಟರ್ ರ‍್ಯಾಂಕಿಂಗ್ ಪ್ರಕಟಿಸಿತು; ಮೊದಲ ಅಗ್ರಸ್ಥಾನ ನಾಸ್ಟಾಸೆ ಅವರದ್ದು. ಅದಕ್ಕೆ ಮುಂಚೆ ಜಾಗತಿಕ ರ‍್ಯಾಂಕಿಂಗ್ ಎಂಬುದು ಲ್ಯಾನ್ಸ್ ಟಿಂಗೇ ಅವರಂಥ ಪತ್ರಕರ್ತರು ವರ್ಷಕ್ಕೊಮ್ಮೆ ಬರೆಯುವ ಅಭಿಪ್ರಾಯವಾಗಿತ್ತು. ಟೂರ್ನಿಗೆ ಯಾರನ್ನು ಸೇರಿಸಬೇಕೆಂಬುದು ಸಂಘಟಕರ ಮರ್ಜಿಗೆ ಬಿಟ್ಟ ವಿಷಯ. ಹೆಸರಿದ್ದವರಿಗೆ ಮಣೆ, ಹೊಸಬರಿಗೆ ಕಾಯುವ ಸಾಲು. ಕಂಪ್ಯೂಟರ್ ಬಂದ ಮೇಲೆ ಹಿಂದಿನ 52 ವಾರಗಳ ಫಲಿತಾಂಶವೇ ಪ್ರವೇಶಪತ್ರವಾಯಿತು. ಆರಂಭದ ಆ ಪದ್ಧತಿಯಲ್ಲಿ ಅಂಕಗಳ ಒಟ್ಟು ಮೊತ್ತದ ಬದಲು ಟೂರ್ನಿಗೊಂದರ ಸರಾಸರಿಯನ್ನು ಲೆಕ್ಕ ಹಾಕುತ್ತಿದ್ದರಿಂದ ಹೆಚ್ಚು ಆಡಿದವರಿಗೆ ನಷ್ಟವೂ ಆಗುತ್ತಿತ್ತು. ಅರ್ಜೆಂಟೀನಾದ ಗಿಲ್ಲೆರ್ಮೊ ವಿಲಾಸ್ 1977ರಲ್ಲಿ ಫ್ರೆಂಚ್ ಮತ್ತು ಅಮೆರಿಕ ಓಪನ್ ಸೇರಿ 16 ಪ್ರಶಸ್ತಿ ಗೆದ್ದರೂ ಅಗ್ರಸ್ಥಾನಕ್ಕೆ ಏರಲಿಲ್ಲ ಎಂಬ ಒಗಟಿಗೆ ಇದೇ ಉತ್ತರ.

ಹಾಗೆಂದು ಆಟಗಾರರೆಲ್ಲ ಒಗ್ಗಟ್ಟಾದರು ಎಂದೇನಲ್ಲ. ಜಿಮ್ಮಿ ಕಾನರ್ಸ್ ಎಟಿಪಿಗೆ ಸೇರಲೇ ಇಲ್ಲ. 1974ರಲ್ಲಿ ಆಸ್ಟ್ರೇಲಿಯ, ವಿಂಬಲ್ಡನ್, ಅಮೆರಿಕ ಮೂರನ್ನೂ ಗೆದ್ದ ಅವರಿಗೆ ಫ್ರೆಂಚ್ ಓಪನ್ ಪ್ರವೇಶ ನಿರಾಕರಿಸಿತ್ತು, ಅಮೆರಿಕದ ವರ್ಲ್ಡ್ ಟೀಮ್ ಟೆನಿಸ್ ಜೊತೆ ಕರಾರು ಮಾಡಿಕೊಂಡದ್ದಕ್ಕಾಗಿ. ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1975ರ ವಿಂಬಲ್ಡನ್ ಫೈನಲ್‌ನಲ್ಲಿ ಅವರ ಎದುರಾಳಿ, ಆಗ ಎಟಿಪಿ ಅಧ್ಯಕ್ಷರಾಗಿದ್ದ ಆಶ್. ಇಬ್ಬರ ನಡುವೆ ಮೊಕದ್ದಮೆ ಬಾಕಿ ಇರುವಾಗಲೇ ಆಶ್, ವೇಗವನ್ನು ಬೇಕೆಂದೇ ತಗ್ಗಿಸಿದ ಹೊಡೆತಗಳಿಂದ ಕಾನರ್ಸ್ ಅವರ ಲಯ ಕೆಡಿಸಿ 6–1, 6–1, 5–7, 6–4ರಿಂದ ಗೆದ್ದರು.

ಈ ಕಾಲದ ಅಂಕಿಅಂಶ ಓದುವಾಗ ಆಸ್ಟ್ರೇಲಿಯ ಓಪನ್ ಬಗ್ಗೆ ವಿಶೇಷ ಎಚ್ಚರ ಬೇಕು. ದೂರದ ಪ್ರಯಾಣ, ಕಡಿಮೆ ಬಹುಮಾನ, ಕ್ರಿಸ್‌ಮಸ್-ಹೊಸವರ್ಷದ ಸಮಯ ಸೇರಿ ದೊಡ್ಡವರು ಅತ್ತ ಸುಳಿಯುತ್ತಿರಲಿಲ್ಲ. 11 ಗ್ರ್ಯಾನ್‌ಸ್ಲಾಮ್ ಗೆದ್ದ ಬ್ಯೋರ್ನ್ ಬೋರ್ಗ್ ಅಲ್ಲಿ ಆಡಿದ್ದು ಒಮ್ಮೆ, ಕಾನರ್ಸ್ ಎರಡು ಸಲ. ನಾಲ್ಕೂ ಟೂರ್ನಿಗಳನ್ನು ಸಮನಾಗಿ ತೂಗುವ ರೂಢಿ ಬಹಳ ತಡವಾಗಿ ಬಂದದ್ದು; ಆಗಿನ ಆಟಗಾರರಿಗೆ ಡಲ್ಲಾಸ್ ಅಥವಾ ಮಾಸ್ಟರ್ಸ್ ಅದಕ್ಕಿಂತ ದೊಡ್ಡದಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಗ್ರ್ಯಾಂಡ್ ಪ್ರಿ ಭಾರತಕ್ಕೂ ಬಂತು. 1973ರಲ್ಲಿ ದೆಹಲಿಯಲ್ಲಿ ನಡೆದ ಟೂರ್ನಿಯನ್ನು ವಿಜಯ್ ಗೆದ್ದರು. ನಂತರದ ವರ್ಷಗಳಲ್ಲಿ ಅದು ಊರು ಬದಲಿಸುತ್ತಾ 1976ರಲ್ಲಿ ಬೆಂಗಳೂರಿಗೂ ಬಂದಾಗ ಆಸ್ಟ್ರೇಲಿಯದ ಕಿಮ್ ವಾರ್ವಿಕ್, ಶಶಿ ಮೆನನ್ ಅವರನ್ನು ಸೋಲಿಸಿ ಪ್ರಶಸ್ತಿ ಪಡೆದರು. ಆದರೆ ಆಟಗಾರನ ಸ್ವಾತಂತ್ರ್ಯಕ್ಕೆ ಇದ್ದ ಮಿತಿ ಏನೆಂಬುದನ್ನು ಆ ದಶಕದಲ್ಲಿ ಭಾರತೀಯರಷ್ಟು ಹತ್ತಿರದಿಂದ ಕಂಡವರು ಕಡಿಮೆ. 1973ರಿಂದ ಡೇವಿಸ್ ಕಪ್ ಕರಾರಿನ ವೃತ್ತಿಪರರಿಗೂ ತೆರೆದಿತ್ತು. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರಿದ್ದ ಭಾರತ, ಕಲ್ಕತ್ತದಲ್ಲಿ ಆಸ್ಟ್ರೇಲಿಯವನ್ನೂ ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಸೋಲಿಸಿ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕ. ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ ಆಡಲು ನಿರಾಕರಿಸಿತು, ನಿರ್ಧಾರ ಆಟಗಾರರದ್ದಾಗಿರಲಿಲ್ಲ. ಒಂದು ಚೆಂಡೂ ಪುಟಿಯದೆ ಕಪ್ ದಕ್ಷಿಣ ಆಫ್ರಿಕದ ಪಾಲಾಯಿತು.